ಎರಡು ಹಳೇ ಕಂಪ್ಯೂಟರ್, ಒಂದು ಕೇಬಲ್: ಡ್ರೈವ್, ಪ್ರಿಂಟರ್ ಹಂಚಿಕೊಳ್ಳುವುದು ಹೇಗೆ

ಮೂಲೆಯಲ್ಲಿರುವ ಹಳೇ ಕಂಪ್ಯೂಟರ್ ಇನ್ನೂ ಚೆನ್ನಾಗಿಯೇ ಆನ್ ಆಗುತ್ತದೆ. ಅದರೊಳಗೆ ಎಷ್ಟೋ ವರ್ಷದ ಫೋಟೊ, ಪತ್ರ, ಲೆಕ್ಕ ಎಲ್ಲ ಹಾಗೇ ಇವೆ. ಹೊರಗೆ ತರಲು ಹೋದರೆ ಮಾತ್ರ ಒಂದಲ್ಲ ಒಂದು ತೊಡಕು. ಫ್ಲಾಪಿಯಲ್ಲಿ ಹಿಡಿಸುವುದು ಬರೀ 1.44 ಎಂಬಿ. ಪೆನ್ ಡ್ರೈವ್ ಚುಚ್ಚಿದರೆ ವಿಂಡೋಸ್ 98 ಅದರ ಡ್ರೈವರ್ (ಅದನ್ನು ನಡೆಸುವ ಪ್ರೋಗ್ರಾಂ) ಎಲ್ಲಿ ಎಂದು ಕೇಳುತ್ತದೆ. ಇಂಥ ಹೊತ್ತಿಗೆ ಕೈ ಹಿಡಿಯುವುದು ಒಂದು ಸಾದಾ ಕೇಬಲ್. ಎರಡು ಕಂಪ್ಯೂಟರ್ ನಡುವೆ ಅದನ್ನು ಎಳೆದು, ನಾಲ್ಕಾರು ಸೆಟ್ಟಿಂಗ್ ಸರಿಮಾಡಿದರೆ ಒಂದರ ಡ್ರೈವ್ ಇನ್ನೊಂದರಲ್ಲಿ ತೆರೆದುಕೊಳ್ಳುತ್ತದೆ. ಒಂದರ ಪ್ರಿಂಟರ್ ಎರಡಕ್ಕೂ ಸಾಕಾಗುತ್ತದೆ.

ನಿಮಗೆ ಬೇಕಿರುವುದು ಒಂದೇ ಸಲ ಫೈಲ್ ತೆಗೆಯುವುದಾದರೆ ಇನ್ನೂ ಸುಲಭದ ದಾರಿ ಇದೆ. ಹಾರ್ಡ್ ಡಿಸ್ಕ್ ಬಿಚ್ಚಿ, ಐಡಿಇ ಎಂಬ ಹಳೇ ಡಿಸ್ಕ್ ಜೋಡಣೆಯಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಹಾಕಿ ಹೊಸ ಕಂಪ್ಯೂಟರ್‌ಗೆ ಸಿಕ್ಕಿಸಿ, ಕೆಲಸ ಮುಗಿಯಿತು. ಆದರೆ ಹಳೇ ಸಾಫ್ಟ್‌ವೇರ್ ಆ ಕಂಪ್ಯೂಟರ್‌ನಲ್ಲೇ ಓಡಬೇಕು, ಹಳೇ ಪ್ರಿಂಟರ್ ದಿನಾ ಕೆಲಸ ಮಾಡಬೇಕು ಎಂದರೆ ಕೇಬಲ್ಲೇ ಸರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗಿನಿಂದ ಮೇಲಕ್ಕೆ ಹೋಗಿ. ಮೊದಲು ಕೇಬಲ್, ಆಮೇಲೆ ವಿಳಾಸ, ಆಮೇಲೆ ಹೆಸರು, ಕೊನೆಗೆ ಷೇರಿಂಗ್. ಕೆಳಗಿನ ಮೆಟ್ಟಿಲು ಗಟ್ಟಿ ಇದೆ ಎಂದು ಕಣ್ಣಾರೆ ನೋಡಿದ ಮೇಲೆ ಮುಂದಿನದಕ್ಕೆ ಕಾಲಿಡಿ. ಈ ಕೆಲಸದಲ್ಲಿ ಜನ ಕಳೆದುಕೊಳ್ಳುವ ಸಮಯವೆಲ್ಲ ಬಹುಪಾಲು ತಪ್ಪು ಮೆಟ್ಟಿಲಿನ ಮೇಲೆಯೇ ಹೋಗುತ್ತದೆ.

ಹಿಂಭಾಗ ನೋಡಿ, ಕೇಬಲ್ ಆರಿಸಿ

ಎರಡೂ ಕಂಪ್ಯೂಟರ್‌ಗಳ ಹಿಂಭಾಗವನ್ನು ಟಾರ್ಚ್ ಹಿಡಿದು ನೋಡಿ. ಫೋನಿನ ಸಾಕೆಟ್‌ನಂತೆ ಕಾಣುವ, ಅದಕ್ಕಿಂತ ಸ್ವಲ್ಪ ಅಗಲವಾದ, ಒಳಗೆ ಎಂಟು ಲೋಹದ ಗೆರೆ ಇರುವ ತೂತು ಎರಡರಲ್ಲೂ ಇದ್ದರೆ ನೀವು ಗೆದ್ದಿರಿ. ಅದು ಈಥರ್‌ನೆಟ್ ಪೋರ್ಟ್. ಒಂದರಲ್ಲಿ ಇಲ್ಲದಿದ್ದರೆ ಹಳೇ ಪಿಸಿಐ ನೆಟ್‌ವರ್ಕ್ ಕಾರ್ಡ್ ಒಂದನ್ನು ಹುಡುಕಿ ಹಾಕಿ. ರಿಯಲ್‌ಟೆಕ್ 8139 ಚಿಪ್ ಇರುವ ಕಾರ್ಡ್ ಸಿಕ್ಕರೆ ಒಳ್ಳೆಯದು, ಅದರ ಡ್ರೈವರ್ ವಿಂಡೋಸ್ ಎಕ್ಸ್‌ಪಿಯಲ್ಲೇ ಇರುತ್ತದೆ.

ಈಥರ್‌ನೆಟ್ ಹಾಕಲು ಸಾಧ್ಯವೇ ಇಲ್ಲದಿದ್ದರೆ ಉಳಿಯುವುದು ಸೀರಿಯಲ್ ಮತ್ತು ಪ್ಯಾರಲಲ್ ಪೋರ್ಟ್. ಇವೆರಡನ್ನು ಗುರುತಿಸುವುದು ಸುಲಭ. ಕಂಪ್ಯೂಟರ್ ಕಡೆಯಲ್ಲಿ ಪಿನ್ ಎದ್ದು ನಿಂತಿದ್ದರೆ ಸೀರಿಯಲ್, ಅದು 9 ಪಿನ್‌ನದೂ ಇರಬಹುದು, 25 ಪಿನ್‌ನದೂ ಇರಬಹುದು. 25 ತೂತುಗಳಿದ್ದರೆ ಅದು ಪ್ಯಾರಲಲ್, ಅಂದರೆ ಪ್ರಿಂಟರ್ ಪೋರ್ಟ್.

ವೇಗದಲ್ಲಿ ಅಜಗಜಾಂತರ ಇದೆ. ಸೀರಿಯಲ್ ಪೋರ್ಟ್ ಹೆಚ್ಚೆಂದರೆ ಸೆಕೆಂಡಿಗೆ 1,15,200 ಬಿಟ್ ಸಾಗಿಸುತ್ತದೆ. ಒಂದೊಂದು ಬೈಟಿಗೂ 10 ಬಿಟ್ ಖರ್ಚಾಗುವುದರಿಂದ ಸೆಕೆಂಡಿಗೆ ಸುಮಾರು 11 ಕೆಬಿ ಅಷ್ಟೇ. 700 ಎಂಬಿಯ ಒಂದು ಸಿಡಿಯಷ್ಟು ಫೈಲ್ ಕಳಿಸಲು 17 ಗಂಟೆಗೂ ಜಾಸ್ತಿ ಬೇಕು. ಅದೇ 10 ಎಂಬಿಪಿಎಸ್‌ನ (ಸೆಕೆಂಡಿಗೆ 10 ಮೆಗಾಬಿಟ್) ಹಳೇ ಈಥರ್‌ನೆಟ್ ಕಾರ್ಡ್‌ನಲ್ಲಿ ಹತ್ತು ಹದಿನೈದು ನಿಮಿಷ. 100 ಎಂಬಿಪಿಎಸ್ ಕಾರ್ಡ್ ಇದ್ದರೆ ಕೆಲವೇ ನಿಮಿಷ. ಕಾರ್ಡ್ ಹುಡುಕಲು ಪಟ್ಟ ಶ್ರಮ ದಂಡವಾಗುವುದಿಲ್ಲ, ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ. ಎರಡು ತುದಿಯಲ್ಲೂ ಒಂದೇ ತರಹದ ಚಪ್ಪಟೆ ಪ್ಲಗ್ ಇರುವ ಸಾದಾ ಯುಎಸ್‌ಬಿ ಕೇಬಲ್‌ನಿಂದ ಎರಡು ಕಂಪ್ಯೂಟರ್‌ಗಳನ್ನು ಎಂದೂ ಜೋಡಿಸಬೇಡಿ. ಎರಡೂ ಕಡೆಯಿಂದ 5 ವೋಲ್ಟ್ ಬರುತ್ತದೆ, ಪೋರ್ಟ್ ಸುಟ್ಟುಹೋಗಬಹುದು. ಯುಎಸ್‌ಬಿಯಲ್ಲೇ ಜೋಡಿಸಬೇಕೆಂದರೆ ನಡುವೆ ಚಿಪ್ ಇರುವ, ಅದಕ್ಕೆಂದೇ ಮಾಡಿದ ಕೇಬಲ್ ಬೇಕು.

ಕ್ರಾಸ್ ಕೇಬಲ್: ಅರ್ಧ ಜಗಳ ಇಲ್ಲೇ

ಈಥರ್‌ನೆಟ್ ಪ್ಲಗ್‌ನಲ್ಲಿ ಎಂಟು ತಂತಿ ಇದ್ದರೂ 10 ಮತ್ತು 100 ಎಂಬಿಪಿಎಸ್ ಕಾರ್ಡ್‌ಗಳು ಬಳಸುವುದು ನಾಲ್ಕನ್ನೇ. 1 ಮತ್ತು 2ನೇ ಪಿನ್‌ನಲ್ಲಿ ಕಂಪ್ಯೂಟರ್ ಮಾತಾಡುತ್ತದೆ, 3 ಮತ್ತು 6ರಲ್ಲಿ ಕೇಳಿಸಿಕೊಳ್ಳುತ್ತದೆ. ಎರಡು ಕಂಪ್ಯೂಟರ್ ನೇರವಾಗಿ ಸೇರಿದಾಗ ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಹೋಗಬೇಕು. ಸಾದಾ ಕೇಬಲ್‌ನಲ್ಲಿ ಬಾಯಿಗೆ ಬಾಯಿ, ಕಿವಿಗೆ ಕಿವಿ ಸೇರುತ್ತದೆ. ಯಾರಿಗೂ ಏನೂ ಕೇಳಿಸುವುದಿಲ್ಲ. ಅದಕ್ಕೇ ಬೇಕು ಕ್ರಾಸ್ ಕೇಬಲ್. ಈಚಿನ ಗಿಗಾಬಿಟ್ ಕಾರ್ಡ್‌ಗಳು ಈ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ. ಹಾಗಾಗಿ ಎರಡರಲ್ಲಿ ಒಂದು ಹೊಸದಾಗಿದ್ದರೆ ಸಾಮಾನ್ಯವಾಗಿ ಯಾವ ಕೇಬಲ್ ಆದರೂ ನಡೆಯುತ್ತದೆ. ಎರಡೂ ಹಳೇವಾದರೆ ಕ್ರಾಸ್ ಬೇಕೇ ಬೇಕು.

ಕೇಬಲ್ ಯಾವುದು ಎಂದು ತಿಳಿಯಲು ಎರಡು ತುದಿಯ ಪ್ಲಗ್‌ಗಳನ್ನು ಪಕ್ಕಪಕ್ಕ ಹಿಡಿಯಿರಿ. ಕ್ಲಿಪ್ ಕೆಳಗೆ, ಚಿನ್ನದ ಬಣ್ಣದ ಗೆರೆಗಳು ಮೇಲೆ, ವೈರ್ ನಿಮ್ಮ ಕಡೆಗೆ. ಈಗ ಎಡದಿಂದ ಬಲಕ್ಕೆ ಬಣ್ಣ ಓದಿ. ಒಂದರಲ್ಲಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಬರುತ್ತದೆ. ಇದಕ್ಕೆ ಟಿ568ಬಿ ಎನ್ನುತ್ತಾರೆ. ಇನ್ನೊಂದು ತುದಿಯಲ್ಲೂ ಹೀಗೇ ಇದ್ದರೆ ಅದು ಸಾದಾ ಕೇಬಲ್. ಅಲ್ಲಿ ಬಿಳಿ-ಹಸಿರು, ಹಸಿರು, ಬಿಳಿ-ಕಿತ್ತಳೆ, ನೀಲಿ, ಬಿಳಿ-ನೀಲಿ, ಕಿತ್ತಳೆ, ಬಿಳಿ-ಕಂದು, ಕಂದು ಎಂದಿದ್ದರೆ ಅದು ಟಿ568ಎ, ಅಂದರೆ ನಿಮ್ಮ ಕೈಯಲ್ಲಿರುವುದು ಕ್ರಾಸ್ ಕೇಬಲ್.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮೊದಲ ಸಲ ಎರಡು ಹಳೇ ಕಂಪ್ಯೂಟರ್ ಜೋಡಿಸಲು ಕೂತಾಗ ನಾನು ಒಂದಿಡೀ ಸಂಜೆ ಷೇರಿಂಗ್ ಸೆಟ್ಟಿಂಗ್‌ಗಳನ್ನೇ ತಿರುವಿ ಹಾಕುತ್ತಿದ್ದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಹೆಸರು ಬದಲಿಸಿದೆ. ಏನು ಮಾಡಿದರೂ ಇಲ್ಲ. ರಾತ್ರಿ ಕೊನೆಗೆ ಮೇಜಿನ ಕೆಳಗೆ ಬಗ್ಗಿ ನೋಡಿದರೆ ಕಾರ್ಡ್‌ನ ಪುಟ್ಟ ಹಸಿರು ದೀಪ ಹತ್ತಿಯೇ ಇರಲಿಲ್ಲ. ಎರಡೂ ತುದಿ ಬಿಚ್ಚಿ ಪಕ್ಕಪಕ್ಕ ಹಿಡಿದೆ. ಎರಡರಲ್ಲೂ ಬಿಳಿ-ಕಿತ್ತಳೆಯೇ ಮೊದಲು! ಬೇರೆ ಕೇಬಲ್ ಹಾಕಿದ ಕೂಡಲೇ ಎರಡೂ ಕಡೆ ದೀಪ ಹತ್ತಿತು. ಉಳಿದ ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು. ಅಂದಿನಿಂದ ದೀಪ ನೋಡದೆ ನಾನು ಕೀಬೋರ್ಡ್ ಮುಟ್ಟುವುದಿಲ್ಲ.

ಕೇಬಲ್ ನೀವೇ ಕ್ರಿಂಪ್ ಮಾಡುವುದಾದರೆ, ಅಂದರೆ ತಂತಿಗೆ ಪ್ಲಗ್ ಒತ್ತಿ ಕೂರಿಸುವುದಾದರೆ, ಎರಡು ವಿಷಯ ನೆನಪಿಡಿ. ಹೆಣೆದ ಜೋಡಿಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ. ಮತ್ತೆ, ಬಣ್ಣಗಳನ್ನು ಸುಮ್ನೆ ಜೋಡಿ ಜೋಡಿಯಾಗಿ ಸಾಲಾಗಿ ಇಡಬೇಡಿ. 3 ಮತ್ತು 6ನೇ ಪಿನ್‌ಗೆ ಹೋಗುವ ತಂತಿಗಳು ಒಂದೇ ಜೋಡಿಯವಾಗಿರಬೇಕು. ಹಾಗಿಲ್ಲದ ಕೇಬಲ್ ಗಿಡ್ಡವಿದ್ದಾಗ ಕೆಲಸ ಮಾಡಿದಂತೆ ಕಾಣುತ್ತದೆ, ಉದ್ದವಾದಾಗ ಕೈಕೊಡುತ್ತದೆ. ಸರಿಯಾಗಿ ಮಾಡಿದ ಕೇಬಲ್ 100 ಮೀಟರ್‌ವರೆಗೂ ಹೋಗಬಹುದು.

ಮೂರನೇ ಕಂಪ್ಯೂಟರ್ ಸೇರಿಸುವ ಯೋಚನೆ ಇದ್ದರೆ ಎಲ್ಲ ಕೇಬಲ್ ಬಂದು ಸೇರುವ ಒಂದು ಪುಟ್ಟ ನೆಟ್‌ವರ್ಕ್ ಸ್ವಿಚ್ ಇಟ್ಟುಕೊಳ್ಳಿ. ಆಗ ಎಲ್ಲದಕ್ಕೂ ಸಾದಾ ಕೇಬಲ್ಲೇ ಸಾಕು.

ವಿಳಾಸ ಕೊಡಿ, ಪಿಂಗ್ ಮಾಡಿ

ದೀಪ ಹತ್ತಿತು ಎಂದುಕೊಳ್ಳೋಣ. ಈಗ ಎರಡಕ್ಕೂ ಒಂದೊಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಗುರುತಿಸುವ ಸಂಖ್ಯೆ, ಬೇಕು. ಒಂದಕ್ಕೆ 192.168.0.1, ಇನ್ನೊಂದಕ್ಕೆ 192.168.0.2. ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0. ಗೇಟ್‌ವೇ, ಡಿಎನ್‌ಎಸ್ ಖಾಲಿ ಬಿಡಿ.

ಎಕ್ಸ್‌ಪಿಯಲ್ಲಿ ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್ ಕನೆಕ್ಷನ್ಸ್, ಅಲ್ಲಿ ಲೋಕಲ್ ಏರಿಯಾ ಕನೆಕ್ಷನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಆಮೇಲೆ ಇಂಟರ್‌ನೆಟ್ ಪ್ರೋಟೊಕಾಲ್. ವಿಂಡೋಸ್ 98ರಲ್ಲಿ ನೆಟ್‌ವರ್ಕ್ ನೇಬರ್‌ಹುಡ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್. ಅಲ್ಲಿ ಟಿಸಿಪಿ/ಐಪಿ ಎಂಬುದು ಎರಡು ಸಲ ಕಾಣಬಹುದು, ಒಂದು ಡಯಲ್-ಅಪ್ ಅಡಾಪ್ಟರ್‌ಗೆ, ಇನ್ನೊಂದು ನಿಮ್ಮ ಕಾರ್ಡ್‌ಗೆ. ಕಾರ್ಡ್ ಹೆಸರು ಇರುವ ಸಾಲನ್ನೇ ಆರಿಸಿ. ಬದಲಾವಣೆ ಮಾಡಿದಾಗೆಲ್ಲ 98 ತನ್ನ ಸಿಡಿ ಕೇಳುವ ಸಾಧ್ಯತೆ ಇದೆ. ಆ ಸಿಡಿಯಲ್ಲಿರುವ ವಿನ್98 ಫೋಲ್ಡರ್ ಅನ್ನು ಮೊದಲೇ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಟ್ಟುಕೊಂಡರೆ ಪ್ರತಿ ಸಲ ಹುಡುಕುವ ಕಾಟ ತಪ್ಪುತ್ತದೆ.

ಈಗ ಪಿಂಗ್ ಪರೀಕ್ಷೆ, ಅಂದರೆ ಆಚೆ ಕಂಪ್ಯೂಟರ್ ಉತ್ತರ ಕೊಡುತ್ತದೆಯಾ ಎಂದು ಕರೆದು ನೋಡುವುದು. ಮೊದಲ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ 192.168.0.2 ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ನಾಲ್ಕು ಸಾಲು ಉತ್ತರ ಬಂದರೆ ಎರಡನೇ ಮೆಟ್ಟಿಲೂ ಗಟ್ಟಿ. ಟೈಮ್ಡ್ ಔಟ್ ಎಂದರೆ ಮೊದಲು 127.0.0.1ಕ್ಕೆ, ಆಮೇಲೆ ತನ್ನದೇ ವಿಳಾಸಕ್ಕೆ ಪಿಂಗ್ ಮಾಡಿ ನೋಡಿ. ಇವೆರಡೂ ಸರಿ ಇದ್ದು ಆಚೆ ಕಡೆಯದು ಮಾತ್ರ ಉತ್ತರ ಕೊಡದಿದ್ದರೆ ಆ ಕಂಪ್ಯೂಟರ್‌ನ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು ಪ್ರೋಗ್ರಾಂ) ನೋಡಿ. ವಿಳಾಸ 169.254 ಎಂದು ಶುರುವಾಗುತ್ತಿದ್ದರೆ ನೀವು ಕೊಟ್ಟದ್ದು ಕೂತಿಲ್ಲ, ವಿಂಡೋಸ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ.

ಹೆಸರಿನ ವಿಷಯ ಚಿಕ್ಕದು. ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ, 15 ಅಕ್ಷರ ಮೀರದಂತೆ, ನಡುವೆ ಜಾಗ ಬಿಡದಂತೆ. ವರ್ಕ್‌ಗ್ರೂಪ್ (ಎರಡೂ ಸೇರುವ ಗುಂಪು) ಹೆಸರು ಮಾತ್ರ ಎರಡರಲ್ಲೂ ಒಂದೇ ಇರಲಿ. ಎಕ್ಸ್‌ಪಿ ಹೋಮ್‌ನಲ್ಲಿ ಅದು ಎಂಎಸ್‌ಹೋಮ್ ಎಂದೂ ಬೇರೆ ಕಡೆ ವರ್ಕ್‌ಗ್ರೂಪ್ ಎಂದೂ ಇರುವುದರಿಂದ ಇದನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಡ್ರೈವ್ ಹಂಚುವುದು

ಸಿ ಡ್ರೈವ್ ಇಡಿಯಾಗಿ ಹಂಚಬೇಡಿ. ಒಂದು ಫೋಲ್ಡರ್ ಮಾಡಿ, ಬೇಕಾದದ್ದನ್ನು ಅದರಲ್ಲಿಟ್ಟು ಅದನ್ನಷ್ಟೇ ಹಂಚಿ. ಆಚೆಯಿಂದ ಓದಿದರೆ ಸಾಕು ಎನ್ನುವಾಗ ರೀಡ್-ಓನ್ಲಿ ಎಂದೇ ಕೊಡಿ. ಹಳೇ ಫೈಲ್‌ಗಳು ಕೈ ತಪ್ಪಿ ಅಳಿಸಿಹೋದರೆ ಮತ್ತೆ ಸಿಗುವುದಿಲ್ಲ.

ವಿಂಡೋಸ್ 98ರಲ್ಲಿ ನೆಟ್‌ವರ್ಕ್ ಪ್ರಾಪರ್ಟೀಸ್‌ಗೆ ಹೋಗಿ ಕ್ಲೈಂಟ್ ಫಾರ್ ಮೈಕ್ರೋಸಾಫ್ಟ್ ನೆಟ್‌ವರ್ಕ್ಸ್ ಮತ್ತು ಫೈಲ್ ಅಂಡ್ ಪ್ರಿಂಟರ್ ಷೇರಿಂಗ್ ಎರಡೂ ಪಟ್ಟಿಯಲ್ಲಿ ಇವೆಯಾ ನೋಡಿ, ಇಲ್ಲದಿದ್ದರೆ ಸೇರಿಸಿ. ಕಂಪ್ಯೂಟರ್ ಮತ್ತೆ ಶುರುವಾದಾಗ ಹೆಸರು, ಪಾಸ್‌ವರ್ಡ್ ಕೇಳುವ ಒಂದು ಕಿಟಕಿ ಬರುತ್ತದೆ. ಎಷ್ಟೋ ಜನ ಅಲ್ಲಿ ಎಸ್ಕೇಪ್ ಒತ್ತಿ ಒಳಗೆ ಹೋಗುತ್ತಾರೆ. ಒಳಗೇನೋ ಹೋಗಬಹುದು, ನೆಟ್‌ವರ್ಕ್ ಮಾತ್ರ ಸಿಗುವುದಿಲ್ಲ. ಪಾಸ್‌ವರ್ಡ್ ಖಾಲಿ ಇದ್ದರೂ ಪರವಾಗಿಲ್ಲ, ಓಕೆ ಒತ್ತಿಯೇ ಹೋಗಿ. ಆಮೇಲೆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಷೇರಿಂಗ್. ಷೇರ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, 12 ಅಕ್ಷರದೊಳಗೆ ಇರಲಿ. ಅದಕ್ಕಿಂತ ಉದ್ದ ಹೆಸರಿದ್ದರೆ 98ರಿಂದ ಅದು ಕಾಣುವುದೇ ಇಲ್ಲ.

ಎಕ್ಸ್‌ಪಿಯಲ್ಲೂ ಬಲ ಕ್ಲಿಕ್, ಷೇರಿಂಗ್ ಅಂಡ್ ಸೆಕ್ಯುರಿಟಿ. ಮೊದಲ ಸಲ ಅದು ನೆಟ್‌ವರ್ಕ್ ಸೆಟಪ್ ವಿಝಾರ್ಡ್ ಓಡಿಸಲು ಹೇಳುತ್ತದೆ. ಓಡಿಸಿ, ಫೈಲ್ ಮತ್ತು ಪ್ರಿಂಟರ್ ಷೇರಿಂಗ್ ಆನ್ ಮಾಡಿ ಎಂಬ ಆಯ್ಕೆ ಒಪ್ಪಿಕೊಳ್ಳಿ. ಸರ್ವಿಸ್ ಪ್ಯಾಕ್ 2 ಅಥವಾ ಮುಂದಿನದು ಇದ್ದರೆ ವಿಂಡೋಸ್ ಫೈರ್‌ವಾಲ್‌ನ ಎಕ್ಸೆಪ್ಷನ್ಸ್ ಪುಟದಲ್ಲಿ ಫೈಲ್ ಅಂಡ್ ಪ್ರಿಂಟರ್ ಷೇರಿಂಗ್ ಎದುರು ಟಿಕ್ ಇರಬೇಕು. ಸಿಂಪಲ್ ಫೈಲ್ ಷೇರಿಂಗ್ ತೆಗೆದುಹಾಕಿದ್ದರೆ ಇನ್ನೊಂದು ಗುಟ್ಟು: ಪಾಸ್‌ವರ್ಡ್ ಇಲ್ಲದ ಬಳಕೆದಾರರನ್ನು ಎಕ್ಸ್‌ಪಿ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಆ ಅಕೌಂಟ್‌ಗೆ ಒಂದು ಪಾಸ್‌ವರ್ಡ್ ಕೊಡಿ.

ಈಗ ಆಚೆ ಕಂಪ್ಯೂಟರ್‌ನಲ್ಲಿ ನೆಟ್‌ವರ್ಕ್ ನೇಬರ್‌ಹುಡ್ ತೆರೆದು ಏನೂ ಕಾಣಲಿಲ್ಲ ಎಂದು ಗಾಬರಿಯಾಗಬೇಡಿ. ಆ ಪಟ್ಟಿ ತುಂಬಲು ಕೆಲವು ಸಲ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ಕಾಯುವ ಬದಲು ಸ್ಟಾರ್ಟ್, ರನ್‌ಗೆ ಹೋಗಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಕಂಪ್ಯೂಟರ್ ಹೆಸರನ್ನು ಟೈಪ್ ಮಾಡಿ. ಹೆಸರಿಗೆ ಬಗ್ಗದಿದ್ದರೆ \\192.168.0.2 ಎಂದು ಹಾಕಿ. ಹಂಚಿದ ಫೋಲ್ಡರ್ ತೆರೆದುಕೊಳ್ಳುತ್ತದೆ. ದಿನಾ ಬೇಕಾಗುವುದಾದರೆ ಅದರ ಮೇಲೆ ಬಲ ಕ್ಲಿಕ್ ಮಾಡಿ ಮ್ಯಾಪ್ ನೆಟ್‌ವರ್ಕ್ ಡ್ರೈವ್ ಆರಿಸಿ, ಝಡ್ ಅಂತಲೋ ಏನೋ ಒಂದು ಅಕ್ಷರ ಕೊಡಿ.

ಒಂದು ಖುಷಿಯ ವಿಷಯ. ವಿಂಡೋಸ್ 98ಗೆ ಎನ್‌ಟಿಎಫ್‌ಎಸ್ ಎಂಬ ವಿಧಾನದಲ್ಲಿ ಫೈಲ್ ಇಟ್ಟ ಡಿಸ್ಕ್ ಓದಲು ಬರುವುದಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಆದರೆ ಎಕ್ಸ್‌ಪಿ ತನ್ನ ಎನ್‌ಟಿಎಫ್‌ಎಸ್ ಡಿಸ್ಕ್‌ನ ಫೋಲ್ಡರ್ ಹಂಚಿದರೆ 98 ಅದನ್ನು ಆರಾಮಾಗಿ ಓದುತ್ತದೆ. ಡಿಸ್ಕ್ ಓದುವ ಕೆಲಸ ಎಕ್ಸ್‌ಪಿಯದು, 98ಗೆ ಸಿಗುವುದು ಬರೀ ಫೈಲ್.

ಕಾಪಿ ಮಾಡುವಾಗ ಕಾಪಿಯನ್ನೇ ಮಾಡಿ, ಮೂವ್ ಮಾಡಬೇಡಿ. ನಡುವೆ ಕೇಬಲ್ ಕದಲಿದರೂ ಮೂಲ ಉಳಿದಿರುತ್ತದೆ. ಎರಡರಲ್ಲೂ ಸ್ಟ್ಯಾಂಡ್‌ಬೈ ಆಫ್ ಮಾಡಿಡಿ. ಹಳೇ ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಕ್ರಮವಾಗಿ ಎಲ್ಲ ತೆಗೆಯಲು ಹೋಗಬೇಡಿ. ಮತ್ತೆ ಸಿಗದ ಫೋಟೊ, ಪತ್ರ ಮೊದಲು. ಮುಗಿದ ಮೇಲೆ ಎರಡೂ ಕಡೆ ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ, ಒಟ್ಟು ಬೈಟ್ ಹೋಲಿಸಿ.

ಪ್ರಿಂಟರ್

ಪ್ರಿಂಟರ್ ಯಾವ ಕಂಪ್ಯೂಟರ್‌ಗೆ ಸಿಕ್ಕಿಸಿದೆಯೋ ಅದು ಆನ್ ಇದ್ದರೆ ಮಾತ್ರ ಇನ್ನೊಂದರಿಂದ ಪ್ರಿಂಟ್ ಆಗುತ್ತದೆ. ಹಾಗಾಗಿ ಜಾಸ್ತಿ ಹೊತ್ತು ಓಡುವ ಕಂಪ್ಯೂಟರ್‌ಗೇ ಪ್ರಿಂಟರ್ ಜೋಡಿಸಿ. ಅಲ್ಲಿಂದಲೇ ಒಂದು ಟೆಸ್ಟ್ ಪೇಜ್ ತೆಗೆದು ನೋಡಿ. ಆಮೇಲೆ ಪ್ರಿಂಟರ್ ಮೇಲೆ ಬಲ ಕ್ಲಿಕ್ ಮಾಡಿ, ಷೇರಿಂಗ್ ಒತ್ತಿ, ಒಂದು ಗಿಡ್ಡ ಹೆಸರು ಕೊಡಿ.

ಇನ್ನೊಂದು ಕಂಪ್ಯೂಟರ್‌ನಲ್ಲಿ ಆಡ್ ಪ್ರಿಂಟರ್, ನೆಟ್‌ವರ್ಕ್ ಪ್ರಿಂಟರ್ ಎಂದು ಹೋಗಿ ಆ ಹೆಸರು ಕೊಡಿ. ಎರಡರಲ್ಲೂ ಎಕ್ಸ್‌ಪಿ ಇದ್ದರೆ ಡ್ರೈವರ್ ತಾನಾಗಿಯೇ ಬರುತ್ತದೆ. ಒಂದು 98, ಇನ್ನೊಂದು ಎಕ್ಸ್‌ಪಿ ಆದರೆ ಪ್ರಿಂಟ್ ಕಳಿಸುವ ಕಂಪ್ಯೂಟರ್‌ನ ವಿಂಡೋಸ್‌ಗೆ ಹೊಂದುವ ಡ್ರೈವರ್ ಅನ್ನು ನೀವೇ ಕೊಡಬೇಕು. ಇಲ್ಲಿ ಹಟ ಮಾಡುವ ಪ್ರಿಂಟರ್‌ಗೆ ಒಂದು ಉಪಾಯ ಇದೆ: ಮೊದಲು ಅದನ್ನು ಎಲ್‌ಪಿಟಿ1ರಲ್ಲಿರುವ (ಮೊದಲ ಪ್ರಿಂಟರ್ ಪೋರ್ಟ್‌ನ ಹೆಸರು) ಲೋಕಲ್ ಪ್ರಿಂಟರ್ ಎಂದೇ ಹಾಕಿ. ಆಮೇಲೆ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ ಬದಲಿಸಿ, ಹಂಚಿದ ಪ್ರಿಂಟರ್‌ನ ದಾರಿಯನ್ನು ಅಲ್ಲಿ ಕೊಡಿ.

ಡಾಸ್ (ವಿಂಡೋಸ್‌ಗಿಂತ ಹಿಂದಿನ, ಕಮಾಂಡ್ ಟೈಪ್ ಮಾಡುವ ವ್ಯವಸ್ಥೆ) ಕಾಲದ ಸಾಫ್ಟ್‌ವೇರ್‌ಗೆ ನೆಟ್‌ವರ್ಕ್ ಪ್ರಿಂಟರ್ ಅಂದರೆ ಏನೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಲ್‌ಪಿಟಿ1 ಒಂದೇ. ಅದನ್ನೇ ನಾವು ಬಳಸಿಕೊಳ್ಳಬಹುದು. ಎಕ್ಸ್‌ಪಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಯೂಸ್ ಎಲ್‌ಪಿಟಿ1: ಎಂದು ಬರೆದು, ಜಾಗ ಬಿಟ್ಟು, \\ಕಂಪ್ಯೂಟರ್‌ಹೆಸರು\ಪ್ರಿಂಟರ್‌ಹೆಸರು ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. 98ರಲ್ಲಿ ಇದೇ ಕೆಲಸಕ್ಕೆ ಕ್ಯಾಪ್ಚರ್ ಪ್ರಿಂಟರ್ ಪೋರ್ಟ್ ಎಂಬ ಆಯ್ಕೆ ಇದೆ. ಆಮೇಲೆ ಆ ಹಳೇ ಸಾಫ್ಟ್‌ವೇರ್ ತನ್ನ ಪಾಡಿಗೆ ಎಲ್‌ಪಿಟಿ1ಗೆ ಕಳಿಸುತ್ತದೆ, ಕಾಗದ ಆಚೆ ಕಂಪ್ಯೂಟರ್‌ನ ಪ್ರಿಂಟರ್‌ನಲ್ಲಿ ಬರುತ್ತದೆ. ಡಾಟ್ ಮ್ಯಾಟ್ರಿಕ್ಸ್ ಆದರೆ ಸಲೀಸು. ಎಲ್ಲ ಲೆಕ್ಕವನ್ನೂ ವಿಂಡೋಸ್‌ನಿಂದಲೇ ಮಾಡಿಸಿಕೊಳ್ಳುವ ಅಗ್ಗದ ಪ್ರಿಂಟರ್‌ಗಳಿಗೆ ಡಾಸ್ ಕಳಿಸುವ ಬರೀ ಅಕ್ಷರ ಅರ್ಥವಾಗುವುದಿಲ್ಲ. ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ.

ಈಥರ್‌ನೆಟ್ ಇಲ್ಲದಿದ್ದರೆ

ಸೀರಿಯಲ್ ಪೋರ್ಟ್‌ಗೆ ನಲ್ ಮೋಡೆಮ್ ಕೇಬಲ್ ಬೇಕು. 9 ಪಿನ್‌ನದಾದರೆ 2 ಮತ್ತು 3 ಅದಲುಬದಲು, 7 ಮತ್ತು 8 ಅದಲುಬದಲು, 4 ಮತ್ತು 6 ಅದಲುಬದಲು, 5 ನೇರ. ಸಾದಾ ಮೋಡೆಮ್ ಕೇಬಲ್ ನೋಡಲು ಹಾಗೇ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಪ್ಯಾರಲಲ್ ಪೋರ್ಟ್‌ಗೆ ಲ್ಯಾಪ್‌ಲಿಂಕ್ ಕೇಬಲ್ ಬೇಕು. ಎರಡೂ ತುದಿಯಲ್ಲಿ 25 ಪಿನ್ ಇರುವ ಸಾದಾ ಕೇಬಲ್ ಇದರ ಬದಲಿಗೆ ಆಗುವುದಿಲ್ಲ. ಪ್ಯಾರಲಲ್ ಸೀರಿಯಲ್‌ಗಿಂತ ಎಷ್ಟೋ ಪಾಲು ವೇಗ, ಎರಡೂ ಇದ್ದರೆ ಅದನ್ನೇ ಹಿಡಿಯಿರಿ.

ಈ ಎರಡು ಕೇಬಲ್ ಹಾಕುವಾಗ, ತೆಗೆಯುವಾಗ ಎರಡೂ ಕಂಪ್ಯೂಟರ್ ಆಫ್ ಆಗಿರಲಿ. ಈಥರ್‌ನೆಟ್ ಪೋರ್ಟ್‌ನಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದು ಎರಡು ಕಂಪ್ಯೂಟರ್‌ಗಳ ಕರೆಂಟನ್ನು ಬೇರೆಯಾಗಿಡುತ್ತದೆ. ಸೀರಿಯಲ್, ಪ್ಯಾರಲಲ್‌ನಲ್ಲಿ ಆ ರಕ್ಷಣೆ ಇಲ್ಲ. ಎರಡನ್ನೂ ಅರ್ಥಿಂಗ್ ಸರಿ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ.

ವಿಂಡೋಸ್ 95, 98ರಲ್ಲಿ ಆಕ್ಸೆಸರೀಸ್, ಕಮ್ಯುನಿಕೇಷನ್ಸ್ ಸುತ್ತಮುತ್ತ ಡೈರೆಕ್ಟ್ ಕೇಬಲ್ ಕನೆಕ್ಷನ್ ಎಂಬುದು ಸಿಗುತ್ತದೆ. ಡ್ರೈವ್ ಕೊಡುವ ಕಂಪ್ಯೂಟರ್ ಹೋಸ್ಟ್, ಪಡೆಯುವುದು ಗೆಸ್ಟ್. ಎಕ್ಸ್‌ಪಿಯಲ್ಲಿ ನ್ಯೂ ಕನೆಕ್ಷನ್ ವಿಝಾರ್ಡ್‌ನ ಅಡ್ವಾನ್ಸ್ಡ್ ಆಯ್ಕೆಯೊಳಗೆ ಇದೇ ಕೆಲಸ ಇದೆ.

ಡಾಸ್ ಕಂಪ್ಯೂಟರ್‌ಗಳಿಗೆ ಇನ್ನೊಂದು ಚೆಂದದ ಜೋಡಿ ಇದೆ. 1993ರ ಎಂಎಸ್-ಡಾಸ್ 6ರಲ್ಲಿ ಇಂಟರ್‌ಲಿಂಕ್, ಇಂಟರ್‌ಸರ್ವರ್ ಎಂಬ ಎರಡು ಪ್ರೋಗ್ರಾಂ ಬಂದವು. ಪಡೆಯುವ ಕಂಪ್ಯೂಟರ್‌ನ ಕಾನ್ಫಿಗ್.ಸಿಸ್ ಫೈಲ್‌ನಲ್ಲಿ ಇಂಟರ್‌ಲಿಂಕ್‌ನ ಡಿವೈಸ್ ಸಾಲು ಸೇರಿಸಿ ಮತ್ತೆ ಶುರುಮಾಡಿ. ಕೊಡುವ ಕಡೆ ಇಂಟರ್‌ಸರ್ವರ್ ಓಡಿಸಿ. ಆ ಕಡೆಯ ಡ್ರೈವ್‌ಗಳು ಈ ಕಡೆ ಡಿ, ಇ, ಎಫ್ ಎಂದು ಬಂದು ಕೂರುತ್ತವೆ. ಆ ಕಡೆಯ ಪ್ರಿಂಟರ್ ಪೋರ್ಟ್ ಕೂಡ ಸಿಗುತ್ತದೆ. ಅಷ್ಟು ಹೊತ್ತು ಕೊಡುವ ಕಂಪ್ಯೂಟರ್ ಬೇರೆ ಕೆಲಸ ಮಾಡುವುದಿಲ್ಲ. ಆಲ್ಟ್ ಮತ್ತು ಎಫ್4 ಒತ್ತಿದರೆ ಬಿಡುಗಡೆ.

ಒಂದು ಕಡೆ ಹೊಸ ವಿಂಡೋಸ್ ಇದ್ದರೆ

ಹಳೇ ವಿಂಡೋಸ್‌ಗಳು ಫೈಲ್ ಹಂಚಲು ಬಳಸುವ ಭಾಷೆಯ ಹೆಸರು ಎಸ್‌ಎಂಬಿ1. ಅದರಲ್ಲಿದ್ದ ಬಿರುಕಿನಿಂದಲೇ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ ಜಗತ್ತಿನಾದ್ಯಂತ ಹರಡಿತು. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ1 ತಾನಾಗಿ ಇರುವುದಿಲ್ಲ. ಎಕ್ಸ್‌ಪಿಯ ಫೋಲ್ಡರ್ ಹೊಸ ಕಂಪ್ಯೂಟರ್‌ನಲ್ಲಿ ತೆರೆಯದಿರಲು ಇದೇ ಕಾರಣ.

ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಎಸ್‌ಎಂಬಿ 1.0 ಹುಡುಕಿ, ಅದರ ಕೆಳಗಿರುವ ಕ್ಲೈಂಟ್ ಒಂದಕ್ಕೇ ಟಿಕ್ ಹಾಕಿ, ಸರ್ವರ್‌ಗೆ ಬೇಡ. ಹೊಸದರಿಂದ ಹೋಗಿ ಹಳೇದರ ಫೈಲ್ ತರಲು ಅಷ್ಟು ಸಾಕು. ವಿಂಡೋಸ್ 98 ಮತ್ತು ಹೊಸ ವಿಂಡೋಸ್ ನಡುವೆ ಪಾಸ್‌ವರ್ಡ್ ಹೊಂದುವಲ್ಲೇ ತಕರಾರು ಬರುತ್ತದೆ. ಅದಕ್ಕೆ ನಾನು ನಡುವೆ ಒಂದು ಎಕ್ಸ್‌ಪಿ ಇಟ್ಟುಕೊಳ್ಳುತ್ತೇನೆ. 98ರಿಂದ ಎಕ್ಸ್‌ಪಿಗೆ, ಅಲ್ಲಿಂದ ಹೊಸದಕ್ಕೆ ಅಥವಾ ಪೆನ್ ಡ್ರೈವ್‌ಗೆ.

ವಿಂಡೋಸ್ 98ಗೆ 2006ರಲ್ಲಿ, ಎಕ್ಸ್‌ಪಿಗೆ 2014ರಲ್ಲಿ ಮೈಕ್ರೋಸಾಫ್ಟ್‌ನ ವಿಸ್ತರಿತ ಬೆಂಬಲವೂ ನಿಂತಿತು. ಹಾಗಾಗಿ ಈ ಕೆಲಸ ನಡೆಯುವಾಗ ಹೊಸ ಕಂಪ್ಯೂಟರ್‌ನ ವೈ-ಫೈ ಆಫ್ ಇರಲಿ, ಹಳೇದಕ್ಕೆ ಇಂಟರ್‌ನೆಟ್ ಬೇಡವೇ ಬೇಡ. ಫೈಲ್‌ಗಳು ಬಂದ ಮೇಲೆ ಆ ಟಿಕ್ ತೆಗೆದು, ಹೊಸ ಕಂಪ್ಯೂಟರ್ ಮತ್ತೆ ಶುರುಮಾಡಿ, ಆಮೇಲೆ ವೈ-ಫೈ ಆನ್ ಮಾಡಿ.